ಎಡಕ್ಕೆ ತಿರುಗಿದ ಜೇನು

ಪ್ರದಕ್ಷಿಣೆಯನ್ನು ಬಲಕ್ಕೇ ಏಕೆ ಬರಬೇಕೆಂದು ಹಿರಿಯರು ಕಾರಣ ಕೊಟ್ಟಿಲ್ಲ. ಕೇಳುವ ಧೈರ್ಯವನ್ನು ಕಿರಿಯರು ತೋರಿಲ್ಲ. ಕಲಬುರಗಿ ಸೀಮೆಯಲ್ಲಿ ದೇವರ ಮೈಮೇಲೆ ಒದ್ದೆ ಹೂವಿನೆಸಳನ್ನು ಅಂಟಿಸಿ ಅಪ್ಪಣೆ ಕೇಳುವ ಪದ್ಧತಿಯುಂಟು. ಎಸಳು ಬಲಗಡೆ ಬಿದ್ದರೆ ಕಾರ್ಯ ಆದಂತೆಯೇ. ಎಡಗಡೆ ಬಿದ್ದರೆ ಕೇಳಿದವನು ಧೋತರ ಕೊಡವಿಕೊಂಡು ಮನೆಗೆ ನಡೆಯಬೇಕು. ಬಾವಿ ತೋಡುವುದು, ಎತ್ತು ಕೊಳ್ಳುವುದು, ಹೆಣ್ಣು ಕೊಡುವುದು, ಎಲ್ಲವೂ ಹೀಗೆಯೇ ನಡೆದುಬಂದಿರುವಾಗ ಈ ವ್ಯವಸ್ಥೆಯಲ್ಲಿ ರಸಾಯನಶಾಸ್ತ್ರಕ್ಕೆ ಯಾವ ಅಧಿಕಾರವೂ ಇರಲಿಲ್ಲ. ಖೂಬಾ ಪ್ಲಾಟ್ ಬಡಾವಣೆಯ ಮಾಣಿಕಪ್ಪ ಅದಕ್ಕೊಂದು ಪೀಠವನ್ನು ಒದಗಿಸಿಕೊಟ್ಟ. ತಿಳಿದು ಒದಗಿಸಲಿಲ್ಲ ಎಂಬುದೊಂದೇ ಅವನ ಪರವಾಗಿ ಹೇಳಬಹುದಾದ ಮಾತು.

ಊರಿನ ಒಂದು ಖಾಸಗಿ ಕಾಲೇಜಿನ ರಸಾಯನಶಾಸ್ತ್ರದ ಪ್ರಯೋಗಾಲಯದಲ್ಲಿ ಮಾಣಿಕಪ್ಪನದು ಉಗ್ರಾಣದ ಕೆಲಸ. ಗಾಜಿನ ಪಾತ್ರೆಗಳನ್ನು ತೊಳೆದು ಒಣಗಿಸುವಾಗ ಅವನು ಪಾಲಿಸುತ್ತಿದ್ದ ಮಡಿ ಎಷ್ಟೋ ಅರ್ಚಕರಲ್ಲಿ ಕಾಣಸಿಗದು. ಆ ಪ್ರಯೋಗಾಲಯದಲ್ಲಿ ಪೋಲಾರಿಮೀಟರ್ ಎಂಬ ಹಳೆಯ ಯಂತ್ರವೊಂದಿತ್ತು. ಒಂದು ತುದಿಯಲ್ಲಿ ಹಳದಿ ದೀಪ, ನಡುವೆ ದ್ರಾವಣ ತುಂಬಿದ ಗಾಜಿನ ಕೊಳವೆ, ಇನ್ನೊಂದು ತುದಿಯಲ್ಲಿ ಕಣ್ಣಿಟ್ಟು ನೋಡುವ ಕಿಂಡಿ. ಒಂದೇ ದಿಕ್ಕಿನ ಶಿಸ್ತಿಗೆ ಒಳಪಡಿಸಿದ ಬೆಳಕು ಆ ದ್ರಾವಣವನ್ನು ಹಾಯುವಾಗ ತನ್ನ ದಿಕ್ಕನ್ನು ಕೊಂಚ ಹೊರಳಿಸಿಕೊಳ್ಳುತ್ತದೆ. ಕಿಂಡಿಯಲ್ಲಿ ಚಂದ್ರಬಿಂಬದ ಎರಡು ಹೋಳುಗಳು ಕಾಣುತ್ತವೆ, ಒಂದು ಬೆಳಗಿದ್ದು, ಒಂದು ಮಬ್ಬಾದದ್ದು. ತಿರುಗಣಿಯನ್ನು ಹೊರಳಿಸುತ್ತ ಎರಡೂ ಸಮನಾದಾಗ ನಿಲ್ಲಿಸಿದರೆ, ಬೆಳಕು ಯಾವ ಕಡೆಗೆ ಎಷ್ಟು ಹೊರಳಿತೆಂಬುದನ್ನು ಮುಳ್ಳು ಹೇಳುತ್ತದೆ.

ಅಂಕಿಗಳನ್ನು ತಾನೇ ಬೆಳಗಿಸಿ ತೋರಿಸುವ ಹೊಸ ಯಂತ್ರ ಕಾಲೇಜಿಗೆ ಬಂದಾಗ ವಿಭಾಗದ ಮುಖ್ಯಸ್ಥೆ ಫರೀದಾ ಮೇಡಂ ಹಳೆಯದನ್ನು ಮಾಣಿಕಪ್ಪನಿಗೇ ಕೊಡಿಸಿದರು.

“ಗುಜರಿಗೆ ಹಾಕೂದ್ಕಿಂತ ನೀನೇ ಒಯ್ಯಿ ಮಾಣಿಕಪ್ಪಾ. ಇಷ್ಟು ದಿನ ಜೋಪಾನ ಮಾಡೀದಿ, ನಿಂದೇ ಹಕ್ಕು.”

ಮದುಮಗಳನ್ನು ಕರೆತರುವಷ್ಟು ಎಚ್ಚರಿಕೆಯಿಂದ ಅವನು ಅದನ್ನು ಆಟೋದಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದು ಪಡಸಾಲೆಯ ಮೇಜಿನ ಮೇಲೆ ಪ್ರತಿಷ್ಠಾಪಿಸಿದ. ದೀಪ ಹೊತ್ತಿಸಿದ ಕೂಡಲೇ ಪಕ್ಕದ ಮನೆಯ ನೀಲಗಂಗಮ್ಮ ಬಂದು ನಿಂತಳು.

“ಅಣ್ಣಾ, ಇದೇನ್ರೀ ತೋಪು ತಂದೀರಿ?”

“ತೋಪಲ್ಲಕ್ಕ. ವಸ್ತುವಿನ ಒಳಗಿನ ಗುಣಾ ಹೇಳತದ ಇದು. ಒಳ್ಳೇದಿದ್ರ ಬಲಕ್ಕ ತಿರಗತದ.”

“ಕೆಟ್ಟದಿದ್ರ?”

ಇದು ಮಾಣಿಕಪ್ಪನಿಗೆ ತಿಳಿಯದು. ಅವನ ಸೇವಾವಧಿಯಲ್ಲಿ ವಿದ್ಯಾರ್ಥಿಗಳು ಆ ಕೊಳವೆಯಲ್ಲಿ ತುಂಬಿದ್ದು ಸಕ್ಕರೆಯ ನೀರನ್ನು ಮಾತ್ರ, ಏಕೆಂದರೆ ಅಂಗಡಿಯಲ್ಲಿ ಸುಲಭವಾಗಿ ಸಿಗುವುದು ಸಕ್ಕರೆ. ಸಕ್ಕರೆಯಾದರೋ ಪ್ರತಿ ಸಲವೂ ಬಲಕ್ಕೇ ಹೊರಳಿತ್ತು. ಇಂಥದನ್ನು ತರ್ಕಶಾಸ್ತ್ರದಲ್ಲಿ ವ್ಯಾಪ್ತಿಯ ದೋಷವೆನ್ನುತ್ತಾರೆ, ಮಾಣಿಕಪ್ಪ ಅನುಭವವೆನ್ನುತ್ತಿದ್ದ. ಗೊತ್ತಿಲ್ಲವೆಂದು ಹೇಳಲು ಅವನು ಬಾಯಿಯನ್ನೇನೋ ತೆರೆದ. ಅಷ್ಟರಲ್ಲಿ ಓಣಿಯ ಹೆಣ್ಣುಮಕ್ಕಳೆಲ್ಲ ಬಾಗಿಲಲ್ಲಿ ನೆರೆದು ತನ್ನನ್ನೇ ನೋಡುತ್ತಿರುವುದು ಕಣ್ಣಿಗೆ ಬಿತ್ತು.

“ಎಡಕ್ಕ,” ಎಂದುಬಿಟ್ಟ.

ಒಂದು ಶಾಸ್ತ್ರ ಹುಟ್ಟುವುದಕ್ಕೆ ಇದಕ್ಕಿಂತ ಹೆಚ್ಚಿನ ಸಿದ್ಧತೆ ಬೇಕಾಗುವುದಿಲ್ಲ.

ಮರುದಿನವೇ ನೀಲಗಂಗಮ್ಮ ಒಂದು ಬಟ್ಟಲು ಸಕ್ಕರೆಯೊಂದಿಗೆ ಹಾಜರಾದಳು. “ನಮ್ಮ ತಮ್ಮಂದು ವರ್ಗಾ ಆಗತದೋ ಇಲ್ಲೋ, ಜರಾ ಕೇಳ್ರಿ.”

“ಅಕ್ಕಾ, ಇದು ಅಂಥಾದ್ದೆಲ್ಲಾ ಹೇಳಂಗಿಲ್ಲ.”

“ನೀವು ಸುಮ್ನ ನೋಡ್ರಿ. ಹೇಳೂದು ಬಿಡೂದು ಅದಕ್ಕ ಬಿಟ್ಟದ್ದು.”

ನೋಡಿದ. ಬಲಕ್ಕೆ ಬಂತು. ವಾರ ಕಳೆಯುವುದರೊಳಗೆ ತಮ್ಮನಿಗೆ ಬೇಕಾದ ಊರಿಗೇ ವರ್ಗಾವಣೆಯಾಯಿತು. ಅಲ್ಲಿಂದ ಮುಂದೆ ಖೂಬಾ ಪ್ಲಾಟಿನಲ್ಲಿ ಶುಭಕಾರ್ಯಗಳಿಗೆ ಸಕ್ಕರೆ ಹಿಡಿದು ಮಾಣಿಕಪ್ಪನ ಮನೆಗೆ ಬರುವುದು ರೂಢಿಯಾಯಿತು. ಕೇಳಿದವರಿಗೆಲ್ಲ ಅಸ್ತು ಎನ್ನುವ ದೈವವನ್ನು ಯಾರು ತಾನೇ ಬಿಟ್ಟಾರು? ಒಬ್ಬಾತ ಮಾತ್ರ ಸಕ್ಕರೆ ಮುಗಿದಿದೆಯೆಂದು ಉಪ್ಪು ತಂದು ಕೋರ್ಟಿನ ವ್ಯಾಜ್ಯದ ಬಗ್ಗೆ ಕೇಳಿದ. ಉಪ್ಪಿಗೆ ಬೆಳಕನ್ನು ಹೊರಳಿಸುವ ಶಕ್ತಿಯಿಲ್ಲ. ಮುಳ್ಳು ಇದ್ದಲ್ಲೇ ನಿಂತಿತು. “ಏನೂ ಹೇಳವಲ್ದು,” ಎಂದು ಮಾಣಿಕಪ್ಪ ಕೈಚೆಲ್ಲಿದ. ಅಂದು ಮಧ್ಯಾಹ್ನವೇ ವ್ಯಾಜ್ಯ ಮುಂದಕ್ಕೆ ಹೋಗಲಾಗಿ ಯಂತ್ರದ ಕೀರ್ತಿ ಊರಾಚೆಯ ಕೋಟನೂರಿನ ತನಕ ಹಬ್ಬಿತು.

ಫರೀದಾ ಮೇಡಂ ಅವರನ್ನು ಒಂದು ಮಾತು ಕೇಳಿದ್ದರೆ ಎಲ್ಲವೂ ಸರಿಹೋಗುತ್ತಿತ್ತು. ಆದರೆ ಕೇಳಿದರೆ ಗೊತ್ತಿಲ್ಲವೆಂಬುದು ಗೊತ್ತಾಗುತ್ತದೆ.

ಇಂತಿರಲು ಒಂದು ಸಂಜೆ ಅವನ ಮಗಳು ಸುಷ್ಮಿತಾ ಶಾಲೆಯಿಂದ ಬಂದವಳು ಚಪ್ಪಲಿಯನ್ನೂ ಬಿಡದೆ ಬಾಗಿಲಲ್ಲಿ ನಿಂತಳು. ತಾಯಿ ಮಲ್ಕಮ್ಮ ತೀರಿಕೊಂಡ ಮೇಲೆ ಮಾಣಿಕಪ್ಪನೇ ಜಡೆ ಹೆಣೆದು ಬೆಳೆಸಿದ ಒಬ್ಬಳೇ ಮಗಳು. ಕಮಲಾಪುರದ ಶಾಲೆಯೊಂದರಲ್ಲಿ ಕನ್ನಡ ಕಲಿಸುತ್ತ ದಿನವೂ ಬಸ್ಸಿನಲ್ಲಿ ಹೋಗಿಬರುತ್ತಿದ್ದಳು.

“ಅಪ್ಪಾ, ಕಮಲಾಪುರದಾಗ ರೇವಣ ಅಂತ ಒಬ್ಬಾಂವ ಅದಾನ. ಕೆಂಪು ಬಾಳೀ ತೋಟ, ಜೇನಿನ ಪೆಟಗಿ. ನಿನ್ನ ಕೆಮ್ಮಿಗೆ ಜೇನು ತಂದಿದ್ನಲ್ಲ, ಅವಂದೇ. ನನ್ನ ಮನಸಿಗೆ ಬಂದಾನ.”

ಮಾಣಿಕಪ್ಪ ಅಡುಗೆಮನೆಗೆ ಹೋಗಿ, ತೊಳೆದಿಟ್ಟ ಪಾತ್ರೆಗಳನ್ನೇ ಇನ್ನೊಮ್ಮೆ ತೊಳೆದ. ಬಹಳ ಸಂತೋಷವಾದಾಗ ಅವನು ಹಾಗೆ ಮಾಡುತ್ತಿದ್ದ, ಬಹಳ ದುಃಖವಾದಾಗಲೂ. ಆಮೇಲೆ ಒದ್ದೆ ಕೈಯಲ್ಲೇ ಹೊರಗೆ ಬಂದು, “ಕರಸು ಅವರನ್ನ,” ಎಂದ.

ರವಿವಾರ ರೇವಣನೂ ಅವನ ತಂದೆ ಚಂದ್ರಶಾನೂ ತಾಯಿ ಶಿವಕಾಂತಮ್ಮನೂ ಬಂದರು. ಚಂದ್ರಶಾ ಎದುರಿಗೆ ಕೂತವರೊಡನೆಯೂ ಹೊಲದ ಆಚೆ ಬದುವಿನಲ್ಲಿರುವವರನ್ನು ಕರೆಯುವ ಧ್ವನಿಯಲ್ಲೇ ಮಾತಾಡುವ ಮನುಷ್ಯ. ಶಿವಕಾಂತಮ್ಮ ಗಂಡನ ಮಾತು ಮುಗಿದ ಮೇಲೆ ಉಳಿದದ್ದನ್ನು ಎರಡೇ ಶಬ್ದಗಳಲ್ಲಿ ಮುಗಿಸುವವಳು. ಕೆಂಪು ಬಾಳೆಯ ಗೊನೆಯನ್ನೂ ಒಂದು ಬಾಟಲಿ ಜೇನನ್ನೂ ಮುಂದಿಟ್ಟು, ಮಾತುಕತೆಯೆಲ್ಲ ಒಪ್ಪಿಗೆಯಾಗಿ, ಅವರು ಊಟ ಮುಗಿಸಿ ಬಸ್ಸಿಗೆ ಹೊರಟರು.

ಅವರ ಬೆನ್ನು ಮರೆಯಾದದ್ದೇ ನೀಲಗಂಗಮ್ಮ ಒಳಗೆ ಬಂದಳು. “ಅಣ್ಣಾ, ಊರ ಮಂದೀದು ಕೇಳ್ತೀರಿ, ಮಗಳದು ಕೇಳಂಗಿಲ್ಲೇನು?”

“ಸಕ್ಕರಿ ತರ್ತೇನಿ ತಡೀ.”

“ನಿಮ್ಮ ಮನಿ ಸಕ್ಕರಿ ನಿಮ್ಮ ಪರವಾಗಿ ಹೇಳತದ. ಅವರ ಮನೀದು ಹಾಕ್ರಿ. ಜೇನು ಕೊಟ್ಟಾರಲ್ಲ!”

ಈ ತರ್ಕದಲ್ಲಿ ಲೋಪ ಹುಡುಕುವುದು ಕಷ್ಟ. ಮಾಣಿಕಪ್ಪ ಜೇನನ್ನು ನೀರಿನಲ್ಲಿ ಕದಡಿ, ಸೋಸಿ, ಕೊಳವೆಗೆ ತುಂಬಿ, ಕಿಂಡಿಗೆ ಕಣ್ಣಿಟ್ಟು ತಿರುಗಣಿಯನ್ನು ಬಲಕ್ಕೆ ಹೊರಳಿಸಿದ. ಹೋಳುಗಳು ಸಮನಾಗಲಿಲ್ಲ. ಇನ್ನಷ್ಟು ಹೊರಳಿಸಿದ, ಮತ್ತಷ್ಟು ಕೆಟ್ಟವು. ಕೊನೆಗೆ ಎಡಕ್ಕೆ ತಂದ. ಎರಡು ಹೋಳುಗಳೂ ಒಂದಾಗಿ ಹಣತೆಯ ಬೆಳಕಿನಂತೆ ನಿಂತವು.

“ಏನಂತ್ರೀ?”

“ಎಡಕ್ಕ...”

ನೀಲಗಂಗಮ್ಮ ಎದೆಯ ಮೇಲೆ ಕೈಯಿಟ್ಟುಕೊಂಡಳು. ಯಂತ್ರ ದಕ್ಷಿಣಕ್ಕೆ ಮುಖ ಮಾಡಿದ್ದು ತಪ್ಪಾಯಿತೆಂದು ಮೇಜನ್ನು ಪೂರ್ವಕ್ಕೆ ತಿರುಗಿಸಿದರು; ಎಡಕ್ಕೇ ಬಂತು. ಮಾಣಿಕಪ್ಪ ಜಳಕ ಮಾಡಿ, ವಿಭೂತಿ ಧರಿಸಿ ಬಂದು ನೋಡಿದ, ಎಡಕ್ಕೇ ಬಂತು.

ಸುಷ್ಮಿತಾ ನೀರಿನ ಕೊಡ ಇಳಿಸಿ ಕೇಳಿದಳು: “ಅಪ್ಪಾ, ನನ್ನ ಲಗ್ನಾ ಈ ಕೊಳವಿ ಮಾಡಸ್ತದೇನು?”

“ಹಂಗಲ್ಲವ್ವಾ...”

“ಮತ್ತ ಹೆಂಗ?”

‘ಒಳ್ಳೇದಿದ್ರ ಬಲಕ್ಕ’ ಎಂದು ಊರಿಗೆಲ್ಲ ಹೇಳಿದ ಬಾಯಿ ಅವನದೇ. ಅದು ಸುಳ್ಳೆಂದರೆ ಓಣಿಯ ಮುಂದೆ ತಾನು ಏನೂ ಅಲ್ಲ. ನಿಜವೆಂದರೆ ಮಗಳ ಕಣ್ಣಲ್ಲಿ ನೀರು.

ಇತ್ತ ನೀಲಗಂಗಮ್ಮನಿಗೆ ಕಮಲಾಪುರದಲ್ಲಿ ಒಬ್ಬ ತಂಗಿಯಿದ್ದಳು, ಇಬ್ಬರಲ್ಲಿಯೂ ಫೋನಿತ್ತು. ಸುದ್ದಿಯು ಬಸ್ಸಿಗಿಂತ ಮೊದಲೇ ಊರು ಸೇರಿತು. ಹೊರಡುವಾಗ ಅದು ‘ಯಂತ್ರಾ ಎಡಕ್ಕ ಬಂತಂತ’ ಎಂದಷ್ಟೇ ಇತ್ತು. ಕಮಲಾಪುರದ ಚಹಾದಂಗಡಿ ಮುಟ್ಟುವಾಗ ‘ಚಂದ್ರಶಾನ ಜೇನಿನಾಗ ಬೆಲ್ಲದ ಪಾಕ ಸಿಕ್ಕದಂತ’ ಎಂದಾಯಿತು. ಬಸ್ ನಿಲ್ದಾಣಕ್ಕೆ ಬರುವ ಹೊತ್ತಿಗೆ ‘ಸರಕಾರದವರು ಪೆಟಗಿಗೆಲ್ಲಾ ಮುದ್ರಿ ಹಾಕ್ಯಾರಂತ’ ಎಂಬಲ್ಲಿಗೆ ಬೆಳೆದಿತ್ತು. ಬಸ್ಸಿನಿಂದಿಳಿದ ಚಂದ್ರಶಾನ ಹೆಗಲಮೇಲೆ ಯಾರೋ ಕೈಯಿಟ್ಟು, “ಫಿಕರ್ ಮಾಡಬ್ಯಾಡ ಕಾಕಾ, ಜಾಮೀನು ಸಿಗತದ,” ಎಂದು ಸಮಾಧಾನ ಹೇಳಿದರು.

ಮಾಣಿಕಪ್ಪನ ಫೋನು ಬಡಿದುಕೊಂಡಿತು.

“ಬೀಗರ ಅನಬೇಕೋ, ಮಾಣಿಕಪ್ಪನವರ ಅನಬೇಕೋ, ನೀವೇ ಹೇಳ್ರಿ!” ಚಂದ್ರಶಾನಿಗೆ ಫೋನಿನ ಅಗತ್ಯವಿರಲಿಲ್ಲ, ಕಿಟಕಿ ತೆರೆದಿದ್ದರೆ ಸಾಕಿತ್ತು. “ನನ್ನ ಜೇನು ಖೋಟಾ ಅಂದೀರಂತ?”

“ನಾ ಅಂದಿಲ್ರೀ, ಯಂತ್ರಾ...”

“ಹಂಗಾದ್ರ ಆ ಯಂತ್ರಾ ನನ್ನ ಅಂಗಳಕ್ಕ ತರ್ರಿ! ನಮ್ಮ ಮಂದಿ ಮುಂದ, ನನ್ನ ಕಣ್ಣ ಮುಂದ ನೋಡ್ರಿ! ಅಲ್ಲೂ ಹಂಗೇ ಅಂದ್ರ ಈ ಸಂಬಂಧಾ ಇಲ್ಲಿಗೇ ಖತಂ. ನನ್ನ ಇಜ್ಜತ್ ತಗದವರ ಮನೀ ಹೆಣ್ಣು ನನಗ ಬ್ಯಾಡ!”

ಫೋನು ಸ್ತಬ್ಧವಾಯಿತು. ಸುಷ್ಮಿತಾ ಅಷ್ಟನ್ನೂ ಕೇಳಿಸಿಕೊಂಡಿದ್ದಳು. ಅವಳು ಅಳಲಿಲ್ಲ. “ಫರೀದಾ ಮೇಡಂಗ ನಾ ಕರೀತೇನಿ. ತಿಳದವರು ಒಬ್ಬರಾದ್ರೂ ಇರ್ಲಿ,” ಎಂದಳು. ಮಾಣಿಕಪ್ಪ ಬೇಡವೆನ್ನಲು ಕಾರಣ ಹುಡುಕಿದ. ಹೇಳಬಹುದಾದ ಒಂದೂ ಸಿಗಲಿಲ್ಲ. ಜೇನಿನ ಪರೀಕ್ಷೆಯಿದೆ ಬನ್ನಿರೆಂದಷ್ಟೇ ಅವಳು ಮೇಡಂಗೆ ಹೇಳಿದಳು.

ಮುಂದಿನ ರವಿವಾರ ಕಮಲಾಪುರದ ತೋಟದ ಮನೆಯ ಅಂಗಳದಲ್ಲಿ, ಬಾಳೆಯ ನೆರಳಿನಲ್ಲಿ, ಹಗ್ಗದ ಹೊರಸಿನ ಮೇಲೆ ಯಂತ್ರವನ್ನಿಟ್ಟು, ಬೆಳಕು ತಾಗದಂತೆ ಕಂಬಳಿ ಹೊದಿಸಿದರು. ಸುತ್ತ ಊರಿನವರು ನೆರೆದಿದ್ದರು. ಕೆಲವರಿಗೆ ಇದು ಮದುವೆಯ ಕಾರ್ಯವೋ ಪೊಲೀಸರ ಪಂಚನಾಮೆಯೋ ಎಂಬುದು ಸ್ಪಷ್ಟವಿರಲಿಲ್ಲವಾಗಿ ಎರಡಕ್ಕೂ ಒಪ್ಪುವ ಮುಖಭಾವದಲ್ಲಿ ಕೂತಿದ್ದರು. ಕಲಬುರಗಿಯಿಂದ ಸಾಕ್ಷಿಯಾಗಿ ನೀಲಗಂಗಮ್ಮನೂ ಬಂದಿದ್ದಳು. ಬರುವಂತೆ ಯಾರೂ ಹೇಳಿರಲಿಲ್ಲ. ಫರೀದಾ ಮೇಡಂ ಕಿಂಡಿಯ ಗಾಜನ್ನು ಒರೆಸುತ್ತ, “ಮಾಣಿಕಪ್ಪಾ, ಇದೇನು ಜಾತ್ರಿ ಕೂಡಿಸೀದಿ? ಹೋಗು, ದ್ರಾವಣಾ ಮಾಡ್ಕೊಂಡು ಬಾ. ಚೊಂಬು ನೀರಿಗೆ ನಾಕು ಚಮಚ ಜೇನು, ಅಳದು ಹಾಕು,” ಎಂದರು.

ರೇವಣ ಎಲ್ಲರೆದುರಿಗೆ ಪೆಟ್ಟಿಗೆಯಿಂದ ಹೊಸ ಜೇನು ತೆಗೆದು ಕೊಟ್ಟ. ಕೊಡುವಾಗ ಮೆಲ್ಲಗೆ, “ಮಾವಾರೆ, ಅಂಜಬ್ಯಾಡ್ರಿ. ಏನು ಬಂದ್ರೂ ನಾ ಆಕೀನ್ನ ಬಿಡಂಗಿಲ್ಲ,” ಎಂದ. ಆ ಮಾತೇ ಮಾಣಿಕಪ್ಪನನ್ನು ಕೆಡಿಸಿದ್ದು. ಇಂಥ ಹುಡುಗ ತನ್ನ ಯಂತ್ರದ ದೆಸೆಯಿಂದ ತಂದೆಯನ್ನೆದುರಿಸಿ ನಿಲ್ಲಬೇಕಾಯಿತಲ್ಲ ಎಂದು ಕಣ್ಣು ಮಂಜಾಗಿ, ಅವನು ಶಿವಕಾಂತಮ್ಮನ ಅಡುಗೆಮನೆಗೆ ಹೋದ. ಅಲ್ಲಿ ಬೇರೆ ಯಾರೂ ಇರಲಿಲ್ಲ. ಚೊಂಬಿನಲ್ಲಿ ನೀರಿತ್ತು. ಗೋಡೆಯ ಮಾಡದಲ್ಲಿ ಸಕ್ಕರೆಯ ಡಬ್ಬಿಯಿತ್ತು. ಜನ್ಮದಲ್ಲಿ ಬಲಕ್ಕಲ್ಲದೆ ಬೇರೆಡೆಗೆ ತಿರುಗದ ಆ ಪುಣ್ಯವಸ್ತು ಅವನನ್ನು ನೋಡಿತು. ಅವನೂ ಅದನ್ನು ನೋಡಿದ. ಮುಂದಿನದನ್ನು ವಿವರಿಸುವುದು ಸಭ್ಯತೆಯಲ್ಲ.

ಕೊಳವೆಯನ್ನು ತುಂಬಿ ಯಂತ್ರದಲ್ಲಿಟ್ಟ ಮೇಲೆ ಅವನು ಕಂಬಳಿಯೊಳಗೆ ತಲೆ ತೂರಿಸಿದ. ಕಂಬಳಿಯೊಳಗಿನಿಂದ ಧ್ವನಿ ಬಂತು:

“ಬಲಕ್ಕ! ಬಲಕ್ಕ ಬಂತ್ರೀ!”

ಯಾರೋ ಚಪ್ಪಾಳೆ ತಟ್ಟಿದರು. ಚಂದ್ರಶಾ ಎದ್ದು ಮಾಣಿಕಪ್ಪನನ್ನು ಕಂಬಳಿಯ ಸಮೇತ ತಬ್ಬಿಕೊಂಡ. “ಅಂದಿದ್ನಿಲ್ಲೋ! ನನ್ನ ಹುಳಾ ಸುಳ್ಳ ಹೇಳಾಂಗಿಲ್ಲ!” ನೀಲಗಂಗಮ್ಮ ತಂಗಿಯತ್ತ ತಿರುಗಿ, ದಿಕ್ಕಿನ ದೋಷವೆಂದು ತಾನು ಮೊದಲೇ ಹೇಳಿದ್ದೆನೆಂದಳು. ಫರೀದಾ ಮೇಡಂ ಮಾತ್ರ ಕಿಂಡಿಗೆ ಕಣ್ಣಿಟ್ಟು, ಎದ್ದು, ಮತ್ತೊಮ್ಮೆ ಕಣ್ಣಿಟ್ಟರು.

“ಬಲಕ್ಕ ಬಂದದ ಖರೆ,” ಎಂದರು. “ಆದ್ರ ಇದು ಜೇನಲ್ಲ.”

ಚಪ್ಪಾಳೆ ನಿಂತಿತು.

“ಅಸಲಿ ಹೂವಿನ ಜೇನು ಎಡಕ್ಕ ಬರತದರೀ. ಅದರಾಗ ಎರಡು ನಮೂನಿ ಸಕ್ಕರಿ ಇರತಾವ. ಒಂದು ಬಲಕ್ಕ ಎಳೀತದ, ಒಂದು ಎಡಕ್ಕ. ಎಡಕ್ಕ ಎಳಿಯೂದರ ಜೋರು ಹೆಚ್ಚು. ಬಲಕ್ಕ ಬಂತಂದ್ರ ಅದರಾಗ ಅಂಗಡಿ ಸಕ್ಕರಿ ಬಿದ್ದದ.”

“ಹಂಗಾದ್ರ ಮೇಡಂ, ಅವತ್ತ ನಮ್ಮನ್ಯಾಗ ಎಡಕ್ಕ ಬಂದಿದ್ದು?” ಸುಷ್ಮಿತಾ ಕೇಳಿದಳು.

“ಅದು ಬರೋಬ್ಬರಿ ಜೇನು. ಇದು ಮಿಲಾವಟ್.”

ಚಂದ್ರಶಾನ ತೋಳುಗಳು ಮಾಣಿಕಪ್ಪನ ಹೆಗಲಿನಿಂದ ತಾವಾಗಿಯೇ ಜಾರಿದವು. ಊರೆಲ್ಲ ಅವನನ್ನೇ ನೋಡುತ್ತಿತ್ತು. ಅವನು ತನ್ನ ಜೇನಿನ ಪೆಟ್ಟಿಗೆಗಳನ್ನು ನೋಡುತ್ತಿದ್ದ. ರೇವಣ, “ಮೇಡಂ, ನಮ್ಮಪ್ಪ ಅಂಥಾವಲ್ರೀ,” ಎಂದದ್ದು ಯಾರಿಗೂ ಕೇಳಿಸಲಿಲ್ಲ.

ಆಗ ಮಾಣಿಕಪ್ಪ ಕಂಬಳಿಯನ್ನು ಮೈಮೇಲಿಂದ ತೆಗೆದ.

“ಅವರದೇನೂ ತಪ್ಪಿಲ್ರೀ. ಸಕ್ಕರಿ ಹಾಕಿದಾಂವ ನಾನು. ಒಳ್ಳೇದಿದ್ರ ಬಲಕ್ಕ ಅಂತ ಊರಿಗೆಲ್ಲಾ ಹೇಳಿದಾಂವನೂ ನಾನೇ. ನನಗೇನೂ ಗೊತ್ತಿಲ್ರೀ. ನಾ ಬರೇ ಗಾಜು ತೊಳಿಯಾಂವ. ಎಡಕ್ಕ ಬಂದ್ರ ಮಗಳ ಲಗ್ನಾ ಮುರೀತದ ಅಂತ ಅಂಜಿ ಒಂದು ಹಿಡಿ ಹಾಕೀನಿ.”

“ಹಂಗಾದ್ರ ನಮ್ಮ ತಮ್ಮನ ವರ್ಗಾ?” ಎಂದು ನೀಲಗಂಗಮ್ಮ ಗಾಬರಿಯಾಗಿ ಕೂಗಿದಳು.

ಇಲ್ಲಿಗೆ ಕಥೆ ಮುಗಿಯಬೇಕಿತ್ತು. ಆದರೆ ಶಾಸ್ತ್ರಜ್ಞರಿಗೆ ಲೆಕ್ಕ ಸರಿಹೊಂದದ ಹೊರತು ಕರುಣೆ ಹುಟ್ಟುವುದಿಲ್ಲ. ಫರೀದಾ ಮೇಡಂ ಹುಬ್ಬು ಗಂಟಿಕ್ಕಿದರು.

“ತಡಿ ಮಾಣಿಕಪ್ಪಾ. ಜೇನು ನಾ ಹೇಳಿದಷ್ಟೇ ಹಾಕೀದಿ?”

“ಅಷ್ಟೇರಿ. ಚಮಚದಲೆ ಅಳದು.”

“ಒಂದು ಹಿಡಿ ಸಕ್ಕರಿಗೆ ಮುಳ್ಳು ಇಷ್ಟು ದೂರ ಬರಂಗಿಲ್ಲ. ಇದರ ಅರ್ಧಕ್ಕೂ ಬರಬಾರದು. ಉಳದದ್ದು ಎಲ್ಲಿಂದ ಬಂತು?”

ಊರು ಮತ್ತೊಮ್ಮೆ ಚಂದ್ರಶಾನತ್ತ ತಿರುಗಿತು. ಚಂದ್ರಶಾ ಹೊರಸಿನ ಕಾಲನ್ನು ಹಿಡಿದು ಕುಕ್ಕರಿಸಿದ.

“ಅದೂ ನಂದೇ ಮೇಡಂ,” ಎಂದ ಮಾಣಿಕಪ್ಪ. ಆಮೇಲೆ, “ಅಲ್ಲ. ನಂದಲ್ಲ,” ಎಂದ.

“ಮತ್ತ ಯಾರದು?”

“ಮಲ್ಕಮ್ಮಂದು.”

ಅದು ಯಾರೆಂದು ಊರಿನವರು ಒಬ್ಬರ ಮುಖವನ್ನೊಬ್ಬರು ನೋಡಿದರು. ಸುಷ್ಮಿತಾ ಮಾತ್ರ ಒಮ್ಮೆಲೇ ತಲೆಯೆತ್ತಿದಳು.

“ನನ್ನ ಹೆಂಡ್ತಿರೀ. ತೀರಿ ಹೋಗ್ಯಾಳ,” ಎಂದ ಮಾಣಿಕಪ್ಪ, ತನ್ನ ಕಾಲ್ಬೆರಳುಗಳನ್ನು ನೋಡುತ್ತ. “ಆಕಿ ಇದ್ದಿದ್ರ ಮಗಳ ಸಲುವಾಗಿ ತಾನೂ ಒಂದು ಹಿಡಿ ಹಾಕ್ತಿದ್ಳು. ನಾ ಒಬ್ಬನೇ ಹಾಕಿ ಮುಗಿಸೂದು ಸರಿ ಅನಸಲಿಲ್ಲ. ಅದಕ್ಕ ಆಕೀ ಪಾಲಿಂದು ಒಂದು ಹಿಡಿ ಹಾಕಿದೆ. ಆಕೀ ಕೈ ಸಣ್ಣದಿತ್ತು. ಜರಾ ಕಮ್ಮೀನೇ ಹಾಕೀನ್ರೀ ಮೇಡಂ.”

ಫರೀದಾ ಮೇಡಂ ಕನ್ನಡಕ ತೆಗೆದರು. ಅದನ್ನು ಒರೆಸುವ ಬದಲು ಯಂತ್ರದ ಕಿಂಡಿಯನ್ನು ಒರೆಸಿದರು. “ಲೆಕ್ಕಾ ಬರೋಬ್ಬರಿ ಅದ,” ಎಂದಷ್ಟೇ ಹೇಳಿದರು.

ಅಲ್ಲಿಯ ತನಕ ಬಾಗಿಲ ಚೌಕಟ್ಟಿಗೆ ಒರಗಿ ನಿಂತಿದ್ದ ಶಿವಕಾಂತಮ್ಮ ಸೆರಗನ್ನು ಸರಿಪಡಿಸಿಕೊಂಡು ಮುಂದೆ ಬಂದಳು.

“ಸಕ್ಕರಿ ಯಾವ ಡಬ್ಬಿಂದು?”

“ನಿಮ್ಮ ಮಾಡದಾಗಿಂದೇರಿ. ಕೇಳದೇ ತಗೊಂಡೆ. ತಪ್ಪಾತು.”

“ಕೇಳದೇ ಆ ಡಬ್ಬಿಗೆ ಇವತ್ತಿನ ತನಕ ಯಾರೂ ಕೈ ಹಾಕಿಲ್ಲ,” ಎಂದಳು ಶಿವಕಾಂತಮ್ಮ. ಎರಡೇ ಶಬ್ದಗಳ ಹೆಂಗಸು ಇಷ್ಟು ಮಾತಾಡಿದ್ದನ್ನು ಕಂಡು ಅವಳ ಗಂಡನೇ ತಲೆಯೆತ್ತಿದ. “ಈ ಮನೀ ಗಂಡಸರಿಗೂ ಆ ಹಿಮ್ಮತ್ ಇಲ್ಲ. ಕೇಳದೇ ಒಳಗ ಬಂದು ಡಬ್ಬಿಗೆ ಕೈ ಹಾಕಬೇಕಂದ್ರ ಅದು ಬೀಗತೀದೇ ಹಕ್ಕು. ಬೀಗತಿ ಬಂದು ಕೈ ಹಾಕಿ ಹೋಗ್ಯಾಳ ಅಂದಮ್ಯಾಲ ಸಂಬಂಧಾ ಆಗೇ ಹೋಯ್ತಲ್ಲ! ಇನ್ನ ಆ ಕೊಳವಿಗೇನು ಕೇಳ್ತೀರಿ?”

ಚಂದ್ರಶಾ ಮೂಗು ಒರೆಸಿಕೊಂಡು ಎದ್ದ. ಆದರೂ ಅವನದೊಂದು ಹಟವಿತ್ತು: ಊರ ಮುಂದೆ ಹೋದದ್ದು ಊರ ಮುಂದೆಯೇ ಬರಬೇಕು. ಫರೀದಾ ಮೇಡಂ ತಾವೇ ಬರಿಯ ಜೇನಿನ ದ್ರಾವಣ ಮಾಡಿ, ಸೋಸಿ, ಕೊಳವೆಯನ್ನು ತುಂಬಿ, ನೋಡಿ ಕೈಯೆತ್ತಿದರು. ಚಂದ್ರಶಾ ಕುಸ್ತಿ ಗೆದ್ದವನಂತೆ ತೊಡೆ ತಟ್ಟಿ, “ಎಡಕ್ಕ! ಎಡಕ್ಕ ಬಂತೋ!” ಎಂದು ಕೂಗಿದ ಧ್ವನಿಗೆ ಬಾಳೆಯ ತೋಟದಿಂದ ಹಕ್ಕಿಗಳೆದ್ದವು. ಎಡವೆಂಬ ಶಬ್ದಕ್ಕೆ ಆ ಊರಿನಲ್ಲಿ ಅಷ್ಟು ಮರ್ಯಾದೆ ಹಿಂದೆಂದೂ ದೊರೆತಿರಲಿಲ್ಲ.

ಚೊಂಬಿನಲ್ಲಿ ಉಳಿದಿದ್ದ ಮೊದಲಿನ ದ್ರಾವಣವನ್ನು ರೇವಣ ಗಿಡದ ಬುಡಕ್ಕೆ ಚೆಲ್ಲಹೊರಟಾಗ ಶಿವಕಾಂತಮ್ಮ ಕಸಿದುಕೊಂಡಳು. ಅದಕ್ಕೆ ಒಂದು ಕೊಡ ತಣ್ಣೀರು ಸೇರಿಸಿ, ಲಿಂಬೆಹಣ್ಣು ಹಿಂಡಿ, ಮೊದಲ ಲೋಟವನ್ನು ಸುಷ್ಮಿತಾಳ ಕೈಗಿತ್ತಳು. ಸುಷ್ಮಿತಾ ಕುಡಿಯಲಿಲ್ಲ, ಲೋಟವನ್ನು ಎರಡೂ ಕೈಗಳಲ್ಲಿ ಹಿಡಿದುಕೊಂಡು ಬಹಳ ಹೊತ್ತು ನಿಂತಳು, ಆಮೇಲೆ ಒಂದೇ ಉಸಿರಿಗೆ ಕುಡಿದಳು. ಎರಡನೆಯ ಲೋಟ ಮಾಣಿಕಪ್ಪನಿಗೆ ಬಂತು. ಅವನು ಒಂದು ಗುಟುಕು ಕುಡಿದು, ಏನಾದರೂ ಮಾತಾಡಬೇಕಲ್ಲ ಎಂದು ಮಾತಾಡಿದ.

“ಸಿಹಿ ಜರಾ ಹೆಚ್ಚಾತ್ರೀ.”

“ಆಗೇ ಆಗತದ,” ಎಂದಳು ಶಿವಕಾಂತಮ್ಮ, ಮುಂದಿನ ಲೋಟವನ್ನು ತುಂಬುತ್ತ. “ಇಬ್ಬರು ಹಾಕ್ಯಾರ.”